ಹೆಗಲಿಗೇರಿದ ಗಾಳಿ

ಪಿತ್ತಕೋಶದ ಆಪರೇಷನ್ ಆಗಿ ಎರಡನೇ ದಿನ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಪಟ್ಟಿ. ಎದ್ದು ಕೂತ ಕೂಡಲೇ ಆಕೆ ಬಲ ಹೆಗಲನ್ನು ಒತ್ತಿ ಹಿಡಿದು ಮುಖ ಕಿವುಚುತ್ತಾರೆ. "ಕೊಯ್ದಿದ್ದು ತಡ್ಕೋಬಹುದು ಡಾಕ್ಟ್ರೇ, ಈ ಹೆಗಲಿಂದೇ ಆಗ್ತಿಲ್ಲ." ಪಕ್ಕದಲ್ಲಿ ಅತ್ತೆ ಓಮದ ಕಷಾಯದ ಲೋಟ ಹಿಡಿದು ನಿಂತಿದ್ದಾರೆ. ಗ್ಯಾಸ್ ಹಿಡಿದಿದೆ, ಒಂದು ತೇಗು ಬಂದರೆ ಸರಿಹೋಗುತ್ತೆ ಎಂಬ ನಂಬಿಕೆ. ಅರಿವಳಿಕೆ ವೈದ್ಯೆಯಾಗಿ ಮೂವತ್ತು ವರ್ಷದಿಂದ ಈ ದೃಶ್ಯ ನೋಡುತ್ತ ಬಂದಿದ್ದೇನೆ. ಈಚೆಗೆ ಮೊಬೈಲಿನ ವಿಡಿಯೋಗಳೂ ತೇಗಿನ ಮಾತನ್ನೇ ಹೇಳತೊಡಗಿವೆ. ಈ ನೋವಿನ ಬಗ್ಗೆ ವೈದ್ಯರು ಏನು ಕಲಿತರು, ಏನನ್ನು ಗಮನಿಸದೆ ಬಿಟ್ಟರು ಎಂದು ಬರೆಯಲೇಬೇಕು ಅನ್ನಿಸಿದೆ.

ಈ ನೋವಿನ ಬೇರು ಇರುವುದು ಹೊಟ್ಟೆಗೆ ಗ್ಯಾಸ್ ತುಂಬಿ ಪುಟ್ಟ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೊಸ್ಕೋಪಿಯಲ್ಲಿ. 1901ರಲ್ಲಿ ಜರ್ಮನಿಯ ಗೇಯೋರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಶೋಧಿಸಿದ ಗಾಳಿ ತುಂಬಿ ಒಳಗೆ ಇಣುಕಿದರು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಮನುಷ್ಯರಲ್ಲೂ ಅದನ್ನು ಸಾಧಿಸಿದರು. 1924ರಲ್ಲಿ ಸ್ವಿಟ್ಜರ್ಲೆಂಡಿನ ಝೊಲ್ಲಿಕೋಫರ್ ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸಿದರು. ಅದಕ್ಕೆ ಬೆಂಕಿ ತಗಲುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ. ಜರ್ಮನಿಯ ಕುರ್ಟ್ ಸೆಮ್ ಗ್ಯಾಸಿನ ಒತ್ತಡವನ್ನು ಹಿಡಿತದಲ್ಲಿಡುವ ಯಂತ್ರ ತಂದರು. 1985ರಲ್ಲಿ ಎರಿಕ್ ಮ್ಯೂಹೆ ಇದೇ ದಾರಿಯಲ್ಲಿ ಪಿತ್ತಕೋಶ ತೆಗೆದರು. 1990ರಲ್ಲಿ ಮುಂಬೈಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಅದನ್ನು ನಮ್ಮ ದೇಶಕ್ಕೆ ತಂದರು. ಆ ಕಾಲದ ಗಮನವೆಲ್ಲ ಗ್ಯಾಸನ್ನು ಒಳಗೆ ತುಂಬುವುದರ ಮೇಲೆ. ಅದು ಹೊರಗೆ ಹೇಗೆ ಹೋಗಬೇಕೆಂದು ಕೇಳಿದವರು ಕಡಿಮೆ.

ಕೇಳಬೇಕಾಗಿ ಬಂದದ್ದು ನಮ್ಮ ಪೀಳಿಗೆಗೆ. ಗಾಯ ಚಿಕ್ಕದಾಗಿ ಕೊಯ್ದ ನೋವು ತಗ್ಗಿದ ಮೇಲೆ ಹೆಗಲಿನ ನೋವು ಎದ್ದು ಕಾಣತೊಡಗಿತು. ಆಪರೇಷನ್ ಮುಗಿದ ಮೇಲೂ ಸ್ವಲ್ಪ ಗ್ಯಾಸ್ ಯಕೃತ್ತಿಗೂ ಅದರ ಮೇಲಿನ ಉಸಿರಾಟದ ಸ್ನಾಯು ವಪೆಗೂ ನಡುವೆ ಉಳಿಯುತ್ತದೆ. ತೇವಾಂಶದೊಡನೆ ಬೆರೆತು ಕಾರ್ಬೋನಿಕ್ ಆಮ್ಲವಾಗಿ ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತದೆ. ಉಬ್ಬಿಸಿದ್ದ ವಪೆಯೂ ಜಗ್ಗಿರುತ್ತದೆ. ವಪೆಯ ಸುದ್ದಿಯನ್ನು ಒಯ್ಯುವ ಫ್ರೆನಿಕ್ ನರ ಹುಟ್ಟುವುದು ಕತ್ತಿನ 3, 4, 5ನೇ ನರಬೇರುಗಳಲ್ಲಿ. ಹೆಗಲಿನ ಚರ್ಮದ ನರಗಳ ಬೇರೂ 3 ಮತ್ತು 4. ಎರಡರ ಕೂಗೂ ಒಂದೇ ಬಾಗಿಲಲ್ಲಿ ಬರುವುದರಿಂದ ಮೆದುಳು ಹೆಗಲಿನದೆಂದು ತಿಳಿಯುತ್ತದೆ. ಎದ್ದು ಕೂತಾಗ ಗ್ಯಾಸ್ ಮೇಲಕ್ಕೇರಿ ನೋವು ಹೆಚ್ಚುತ್ತದೆ, ಚಪ್ಪಟೆ ಮಲಗಿದರೆ ತಗ್ಗುತ್ತದೆ. ಆ ರೋಗಿಯ ದಿಂಬು ತೆಗೆದು ಮಲಗಿಸಿದೆ. ಎರಡೇ ನಿಮಿಷದಲ್ಲಿ ಹೆಗಲು ಹಿಡಿದಿದ್ದ ಕೈ ತಾನಾಗಿ ಜಾರಿತು.

ಪರಿಹಾರ ಹುಡುಕಿದವರಲ್ಲಿ ಒಂದು ಪಂಥ ಒತ್ತಡವನ್ನೇ ಇಳಿಸಿತು: 12–15 ಮಿ.ಮೀ. ಪಾದರಸದ ಬದಲು 8–10. ಕೆಲವರು ಹೊಟ್ಟೆಯೊಳಗೆ ಸಲೈನ್ ಬಿಟ್ಟರು, ಕೆಲವರು ಮರಗಟ್ಟಿಸುವ ಔಷಧ ಸಿಂಪಡಿಸಿದರು. ನನಗೆ ಮೆಚ್ಚುಗೆಯಾದದ್ದು 2008ರಲ್ಲಿ ಪ್ರಕಟವಾದ, ಕಾಸಿನ ಖರ್ಚಿಲ್ಲದ ಒಂದು ವಿಧಾನ. ಹೊಲಿಗೆಗೆ ಮುಂಚೆ ಟೇಬಲ್ಲಿನ ತಲೆಭಾಗವನ್ನು 30 ಡಿಗ್ರಿ ಕೆಳಗಿಳಿಸಿ, ಹೊಟ್ಟೆಗೆ ತೂರಿಸಿದ ನಳಿಕೆಯ ಕವಾಟ ತೆರೆದು, ಅರಿವಳಿಕೆಯವರು ಉಸಿರಿನ ಚೀಲ ಒತ್ತಿ ಶ್ವಾಸಕೋಶವನ್ನು ಐದು ಬಾರಿ ಪೂರ್ತಿ ಹಿಗ್ಗಿಸಬೇಕು, ಐದನೆಯದನ್ನು ಕೆಲವು ಸೆಕೆಂಡು ಹಿಡಿಯಬೇಕು. ವಪೆ ಕೆಳಗಿಳಿದು ಗ್ಯಾಸನ್ನು ನೂಕುತ್ತದೆ. ನಳಿಕೆಯ ಬಾಯಲ್ಲಿ ಬರುವ 'ಸುಯ್' ಸದ್ದು ಕಿವಿಗೇ ಕೇಳುತ್ತದೆ. ಮೊದಲು 60 ಸೆಂ.ಮೀ. ನೀರಿನ ಒತ್ತಡ ಬಳಸಿದ್ದರು, ನಂತರದವರು 40ರಲ್ಲೂ ಫಲ ಕಂಡರು. ಶ್ವಾಸಕೋಶ, ಹೃದಯ ದುರ್ಬಲವಾದವರಿಗೆ ಇದು ಸಲ್ಲದು. ಉಳಿದವರಿಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷಕ್ಕೂ ಅವಸರಪಡುವ ಥಿಯೇಟರುಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಓಮದ ಮಾತು. ಕರುಳಿನ ಗ್ಯಾಸ್ ಬೇರೆ, ಹೊಟ್ಟೆಯ ಗೂಡಿನ ಗ್ಯಾಸ್ ಬೇರೆ. ಗೂಡಿನಲ್ಲಿರುವುದು ತೇಗಿನಲ್ಲೂ ಬಾರದು, ಹೂಸಿನಲ್ಲೂ ಹೋಗದು. ರಕ್ತಕ್ಕಿಳಿದು ಉಸಿರಿನಲ್ಲೇ ಹೋಗಬೇಕು. ಕರುಳಿನ ಗ್ಯಾಸಿಗೆ ಕೊಡುವ ಸಿಮೆಥಿಕೋನ್ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಆಪರೇಷನ್ನಿನ ಬಳಿಕ ಕರುಳೂ ಮಂಕಾಗಿ ಉಬ್ಬರ ಬರುವುದು ನಿಜ. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಕಟ್ಟಿದ ಬೇಗ ಎಬ್ಬಿಸಿ ಬೇಗ ಉಣಿಸುವ ಪದ್ಧತಿ ಇದಕ್ಕೆ ಒಳ್ಳೆಯ ಮದ್ದು. ಗಂಟೆಗೊಮ್ಮೆ ನಾಲ್ಕು ಹೆಜ್ಜೆ, ಗುಟುಕು ಬಿಸಿನೀರು, ಗಂಜಿ. ನಡಿಗೆಯಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ. ಹೆಗಲಿಗೆ ಬೇಕಾದದ್ದು ಆಗಾಗ ಚಪ್ಪಟೆ ಮಲಗುವುದು, ನಿಧಾನವಾದ ಆಳ ಉಸಿರು, ಬಟ್ಟೆ ಸುತ್ತಿದ ಹದ ಬಿಸಿಯ ಶಾಖ, ವೈದ್ಯರು ಹೇಳಿದ ಪ್ಯಾರಾಸಿಟಮಾಲ್. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಇಳಿಯುತ್ತದೆ. ನೋವು ದಿನದಿನಕ್ಕೆ ಏರಿದರೆ, ಜ್ವರ, ವಾಂತಿ, ಕಾಮಾಲೆ, ಗಟ್ಟಿಯಾದ ಹೊಟ್ಟೆ, ಎದೆನೋವು, ಏದುಸಿರು, ಮೀನಖಂಡದ ಊತ ಕಂಡರೆ ಗ್ಯಾಸ್ ಎಂದು ಮನೆಯಲ್ಲಿ ಕೂರಬಾರದು. ಕೂಡಲೇ ಆಸ್ಪತ್ರೆಗೆ ಬರಬೇಕು.

ಈ ಅಧ್ಯಯನಗಳನ್ನೆಲ್ಲ ಓದುವಾಗ ನನ್ನನ್ನು ಒಂದು ಕೊರತೆ ಕಾಡುತ್ತದೆ. ಪಿತ್ತಕೋಶಕ್ಕೂ ಮೊದಲೇ, 1980ರ ದಶಕದಲ್ಲಿ, ನಮ್ಮ ದೇಶದಲ್ಲಿ ಲ್ಯಾಪ್ರೊಸ್ಕೋಪಿ ಹಳ್ಳಿಗೆ ತಲುಪಿದ್ದು ಸಂತಾನಹರಣ ಶಿಬಿರಗಳ ಮೂಲಕ. ಸಾವಿರಾರು ಹೆಂಗಸರು ಅದೇ ದಿನ ಮನೆಗೆ ಹೋದರು. 2014ರಷ್ಟು ಈಚೆಗೂ ಒಡಿಶಾದ ಶಿಬಿರವೊಂದರಲ್ಲಿ ಸೈಕಲ್ ಪಂಪಿನಿಂದ ಹೊಟ್ಟೆ ಉಬ್ಬಿಸಿದ್ದು ಸುದ್ದಿಯಾಯಿತು. ಬರೀ ಗಾಳಿಯಲ್ಲಿ ಹೆಚ್ಚಿನದು ಸಾರಜನಕ. ಅದು ಕರಗುವುದು ಬಲು ನಿಧಾನ. ಆ ಹೆಂಗಸರ ಹೆಗಲು ಎಷ್ಟು ದಿನ ನೊಂದಿತು? ನಾನು ನೋಡಿದ ಯಾವ ಕೇಸ್ ಶೀಟಿನಲ್ಲೂ ಅದಕ್ಕೊಂದು ಕಾಲಂ ಇರಲಿಲ್ಲ.

ಓಮದ ಲೋಟ ಹಿಡಿದಿದ್ದ ಆ ಅತ್ತೆಗೆ ಇಷ್ಟನ್ನೂ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಬಲ ಹೆಗಲ ಮೇಲೆ ಕೈಯಿಟ್ಟುಕೊಂಡರು. "ಕ್ಯಾಂಪಲ್ಲಿ ಆಪರೇಷನ್ ಮಾಡಿಸ್ಕೊಂಡು ಬಂದಾಗ ನಂಗೂ ಹಿಂಗೇ ನೋಯ್ತಿತ್ತು. ಕಳೆ ಕಿತ್ತಿದ್ದಕ್ಕೆ ಅಂದ್ರು. ನಾನು ಮಾರನೇ ದಿನಾನೂ ಹೊಲಕ್ಕೆ ಹೋದೆ."