ಆಟದ ಒಲೆ, ಆಟದ ಗಲ್ಲಾ

ಒಂದು ನವರಾತ್ರಿಯಲ್ಲಿ ವೈಟ್‌ಫೀಲ್ಡಿನ ಮಗಳ ಮನೆಗೆ ಹೋಗಿದ್ದೆ. ಆರು ವರ್ಷದ ಮೊಮ್ಮಗಳು ಪ್ಲಾಸ್ಟಿಕ್ಕಿನ ಪುಟ್ಟ ಹೋಟೆಲೊಂದನ್ನು ಹರಡಿಕೊಂಡು ಕುಳಿತಿದ್ದಳು. ಬರ್ಗರ್, ಕರಿದ ಆಲೂಗಡ್ಡೆ, ಗಲ್ಲಾಪೆಟ್ಟಿಗೆ ಎಲ್ಲವೂ ಅದರಲ್ಲಿದ್ದವು. ನಾನು ಕೈಚಾಚಿದೊಡನೆ, "ತಾತ, ಮೊದಲು ಬಿಲ್ ಮಾಡಿಸು" ಎಂದಳು.

ನಮ್ಮ ಬಾಲ್ಯದ ಆಟದಲ್ಲಿಯೂ ಒಲೆಯಿತ್ತು, ಅಂಗಡಿಯಿತ್ತು. ಎರಡೂ ಒಂದೆಡೆ ಇರಲಿಲ್ಲ. ಒಲೆ ಚನ್ನಪಟ್ಟಣದ್ದು. ಅಲ್ಲಿಯ ಕುಶಲಿಗಳು ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ; ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹೀಗೆ ಕಡೆದ ಒರಳು, ಕೊಡ, ಬೀಸುವ ಕಲ್ಲುಗಳ ನಡುವೆ ಬೆಂದ ಮಣ್ಣಿನ ಅನ್ನವನ್ನು ಉಣ್ಣಲು ಬರುತ್ತಿದ್ದವರು ನೆಂಟರು. ಅಂಗಡಿಯಾದರೋ ಗೊಂಬೆಹಬ್ಬದ ಶೆಟ್ಟರದು. ಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ, ಮುಂದೆ ಅಕ್ಕಿ, ಬೇಳೆ, ಬೆಲ್ಲದ ಚಿಕ್ಕ ಚಿಕ್ಕ ರಾಶಿಗಳು. ಅವರು ಅಕ್ಕಿ ಮಾರುತ್ತಿದ್ದರೇ ಹೊರತು ಅನ್ನವನ್ನಲ್ಲ.

ಇವೆರಡನ್ನೂ ಒಂದುಗೂಡಿಸಿದ ಆಟಿಕೆಯ ಮೂಲ ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊದಲ್ಲಿ ಹೋಟೆಲು ನಡೆಸುತ್ತಿದ್ದ ಮ್ಯಾಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಬಡಿಸುವವರನ್ನು ತೆಗೆದು, ತಿನಿಸಿನ ಪಟ್ಟಿಯನ್ನು ಕಿರಿದುಗೊಳಿಸಿ, ಗಿರಾಕಿ ತಾನೇ ಬಂದು ಪಡೆಯುವ ಏರ್ಪಾಡು ಮಾಡಿದರು. ಮುಂದೆ ಹೊಸ ಅಡುಗೆಮನೆಯನ್ನು ಯೋಜಿಸುವಾಗ ಟೆನಿಸ್ ಅಂಗಳದ ಮೇಲೆ, ನಮ್ಮ ಹುಡುಗಿಯರು ಕುಂಟೆಬಿಲ್ಲೆಯ ಮನೆ ಬರೆಯುವಂತೆ, ಸೀಮೆಸುಣ್ಣದಿಂದ ಅದರ ನಕ್ಷೆ ಬರೆದು, ಕೆಲಸಗಾರರಿಂದ ಇಲ್ಲದ ಅಡುಗೆಯನ್ನು ಅಭಿನಯಿಸಿ ನೋಡಿದರಂತೆ. ಅಂದರೆ ಆ ಅಡುಗೆಮನೆ ಹುಟ್ಟಿದ್ದೇ ಆಟವಾಗಿ! 1970ರ ದಶಕದಲ್ಲಿ ಪ್ಲೇಸ್ಕೂಲ್ ಸಂಸ್ಥೆ ಅದೇ ಹೋಟೆಲಿನ ಪುಟ್ಟ ಮಾದರಿಯನ್ನು ಮಕ್ಕಳ ಕೈಗಿತ್ತಿತು.

ಹಾಗೆಂದು ಮೊಮ್ಮಗಳ ಬಿಲ್ಲನ್ನು ಅಮೆರಿಕದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಮ್ಯಾಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದದ್ದು 1996ರಲ್ಲಿ. ಅದಕ್ಕೂ ಮೊದಲೇ, 1983ರಲ್ಲಿ, ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಿತ್ತು. ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ಕಣ್ಣೆದುರಿಗೇ ಬೆಂದ ದೋಸೆಯನ್ನು ನಿಂತು ತಿನ್ನುವುದು ಬೆಂಗಳೂರಿಗೆ ಅಂದಿನಿಂದಲೇ ರೂಢಿಯಾಯಿತು. ಭಾನುವಾರದ ಬೆಳಿಗ್ಗೆ ತಂದೆಯೊಡನೆ ಆ ಹುಡುಗಿ ಕಾಣುವುದೂ ಅದನ್ನೇ. ನೆಂಟನನ್ನು ಗಿರಾಕಿಯಾಗಿಸಿದ ಪಾಲಿನಲ್ಲಿ ನಮ್ಮದೂ ಇದೆ.

ನಾನು ಒಯ್ದಿದ್ದ ಚನ್ನಪಟ್ಟಣದ ಒರಳನ್ನು ಅವಳು ಗಲ್ಲಾದ ಪಕ್ಕದಲ್ಲಿಟ್ಟು ತಿರುವತೊಡಗಿದಳು. ಬರ್ಗರಿಗೆ ಚಟ್ನಿಯಂತೆ. ಎಷ್ಟಾಯಿತಮ್ಮ ಎಂದು ಕೇಳಿದೆ.

"ಚಟ್ನಿಗೆ ದುಡ್ಡಿಲ್ಲ ತಾತ," ಎಂದಳು.