ನಮ್ಮ ನೆರೆಗೆ ಕಟ್ಟೆ ಎಲ್ಲಿದೆ?



ಆಶ್ಲೇಷಾ ಮಳೆ ಜೋರು ಹಿಡಿಯಿತೆಂದರೆ ಶೃಂಗೇರಿಯಲ್ಲಿ ಮೊದಲು ಕೇಳುವ ಮಾತು, "ಕಪ್ಪೆ ಶಂಕರ ಮುಳುಗಿತಾ?" ಎಂದು. ಹೊಳೆದಂಡೆಯ ಆ ಪುಟ್ಟ ಗುಡಿಯೇ ತುಂಗೆಯ ನೆರೆಗೆ ಅಳತೆಗೋಲು. 2019ರ ಆಗಸ್ಟಿನಲ್ಲಿ ಗುಡಿ ಮುಳುಗಿದ್ದಲ್ಲದೆ ನೀರು ಗಾಂಧಿ ಮೈದಾನಕ್ಕೂ ನುಗ್ಗಿತು. ಹೊಳೆಬದಿಯ ತೋಟ, ಗದ್ದೆಗಳ ಪಾಡು ನಿಮಗೇ ಗೊತ್ತು.

"ಇಷ್ಟು ದೊಡ್ಡ ಭದ್ರಾ ಅಣೆಕಟ್ಟು ಇದೆಯಲ್ಲ, ಆದರೂ ನೆರೆ ಯಾಕೆ?" ಎಂದು ಕೆಲವರು ಕೇಳುವುದುಂಟು. ಸ್ವಲ್ಪ ಚರಿತ್ರೆ ನೋಡೋಣ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ದಾರಿ ಬೇರೆ ಮಾಡಿಕೊಳ್ಳುತ್ತವೆ. ತುಂಗೆ ಶೃಂಗೇರಿ, ಹರಿಹರಪುರದ ಕಡೆಗೆ. ಭದ್ರೆ ಕಳಸ, ಬಾಳೆಹೊನ್ನೂರಿನ ಕಡೆಗೆ. ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾದದ್ದು 1947ರಲ್ಲಿ. 71.5 ಟಿ.ಎಂ.ಸಿ. ನೀರು ಹಿಡಿಯುವ ಆ ಕಟ್ಟೆಗಾಗಿ ನರಸಿಂಹರಾಜಪುರ ಸೀಮೆಯ ಹಳ್ಳಿ, ಗದ್ದೆಗಳು ಹಿನ್ನೀರಿನ ಪಾಲಾದವು. ನೆಲ ಕೊಟ್ಟವರು ನಮ್ಮವರು, ಕಾಲುವೆ ನೀರು ಕಂಡವರು ದಾವಣಗೆರೆ ಕಡೆಯವರು, ಅದಿರಲಿ. ಗಮನಿಸಬೇಕಾದ್ದು ಇಷ್ಟೆ: ಕಟ್ಟೆ ಇರುವುದು ನಮ್ಮ ಕೆಳಗೆ. ಅದು ತಡೆಯುವುದು ಭದ್ರಾವತಿಗೆ ಹೋಗುವ ನೆರೆಯನ್ನು, ಅದೂ ತುಂಬುವ ತನಕ. ಬಾಳೆಹೊನ್ನೂರಿಗೆ ಅದರಿಂದ ರಕ್ಷಣೆಯಿಲ್ಲ. ತುಂಗೆಗೆ ಕಟ್ಟಿದ ಅಣೆಯೂ ದೂರದ ಗಾಜನೂರಿನಲ್ಲಿದೆ.

ಹಾಗಾದರೆ ಮೇಲಿನ ನೀರಿಗೆ ತಡೆ ಯಾವುದು? ಶೋಲೆ ಕಾಡು, ಸೊಪ್ಪಿನ ಬೆಟ್ಟ. ತರಗೆಲೆ ಹಾಸಿದ ನೆಲ ಮಳೆನೀರು ಕುಡಿದು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ದಿನಗಟ್ಟಲೆ ಸುರಿದರೆ ಕಾಡೂ ಸೋಲುತ್ತದೆ ನಿಜ, ಆದರೆ ಮಣ್ಣನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೆರೆ ತರುವ ನಯವಾದ ಗೋಡು ಗದ್ದೆಗೆ ಗೊಬ್ಬರ. ಜಲ್ಲಿ, ಮರಳು ಬಂದು ಬಿದ್ದರೆ ಗದ್ದೆ ಹಾಳು. ಕುದುರೆಮುಖದಲ್ಲಿ ಅದಿರಿಗಾಗಿ ಗುಡ್ಡ ಅಗೆದ ಕಾಲದಲ್ಲಿ ಸಡಿಲ ಮಣ್ಣು ಭದ್ರೆಗೆ ಇಳಿಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ನಮ್ಮ ಅಗೆತ ನಿಂತಿಲ್ಲ ನೋಡಿ! ಜೆ.ಸಿ.ಬಿ. ತಂದು ಧರೆಯನ್ನು ನೆಟ್ಟಗೆ ಕಡಿಯುತ್ತೇವೆ, ಹಳ್ಳದ ಜಾಗ ಒತ್ತಿ ಅಡಿಕೆ ಸಸಿ ನೆಡುತ್ತೇವೆ. ನೀರು ತನ್ನ ಜಾಗ ಕೇಳದೆ ಬಿಟ್ಟೀತೆ?

ಹಳ್ಳದಂಚಿನ ವಾಟೆ, ಹೊಂಗೆ ಕಡಿಯಬೇಡಿ. ಧರೆಗೆ ಇಳಿಜಾರು ಕೊಟ್ಟು ಲಾವಂಚ ನೆಡಿ. ಮೇಲಿನ ನೀರು ಪಕ್ಕಕ್ಕೆ ಹರಿದುಹೋಗುವಂತೆ ಅಗಳು ತೆಗೆಯಿರಿ, ಅದರಲ್ಲಿ ನೀರು ನಿಲ್ಲಬಾರದು. ತೋಟದ ಬಸಿಗಾಲುವೆಯನ್ನು ಮೃಗಶಿರಾ ಮಳೆಗೆ ಮೊದಲೇ ಬಿಡಿಸಿ, ಪಂಪ್‌ಸೆಟ್ಟನ್ನು ದಂಡೆಯಿಂದ ಮೇಲಕ್ಕೆ ಸಾಗಿಸಿ. ನೆರೆ ಇಳಿದ ಮೇಲೆ ಅಡಿಕೆ ಬುಡದಲ್ಲಿ ಕೂತ ಮರಳು, ಕೆಸರನ್ನು ಬೇಗ ಎಳೆದುಹಾಕಿ. ಗಾಳಿಯಾಡದಿದ್ದರೆ ಬೇರು ಕೊಳೆಯುತ್ತದೆ. ಬಾವಿಗೆ ನೆರೆನೀರು ಬಿದ್ದಿದ್ದರೆ, ತಾಯಂದಿರೆ, ನೀರನ್ನು ಕುದಿಸದೆ ಮಕ್ಕಳಿಗೆ ಕೊಡಬೇಡಿ.