ಈಜಿಪ್ಟಿನ ನಿಧಿ ಈಜಿಪ್ಟಿನಲ್ಲೇ ಉಳಿದ ಬಗೆ

ಕೈರೋ ನಗರದ ತಹ್ರೀರ್ ಚೌಕದಲ್ಲಿ 1902ರಿಂದ ನಿಂತಿರುವ ವಸ್ತುಸಂಗ್ರಹಾಲಯಕ್ಕೆ ಬರುವವರ ಕಣ್ಣು ಫರೋಗಳ, ಅಂದರೆ ಪ್ರಾಚೀನ ಈಜಿಪ್ಟಿನ ಅರಸರ, ಪ್ರತಿಮೆಗಳತ್ತ ಮೊದಲು ಹರಿಯುವುದು ಸಹಜ. ಆದರೆ ಅವು ತಾವು ಹುಟ್ಟಿದ ನೆಲದಲ್ಲಿಯೇ ಉಳಿದದ್ದರ ಹಿಂದೆಯೂ ಅರಿಯಬೇಕಾದ ಚರಿತ್ರೆಯಿದೆ.

19ನೆಯ ಶತಮಾನದ ಆರಂಭದಲ್ಲಿ ಯುರೋಪಿನ ದೇಶಗಳ ಪ್ರತಿನಿಧಿಗಳು ದೇವಾಲಯ, ಸಮಾಧಿಗಳಿಂದ ಪ್ರಾಕ್ತನ ವಸ್ತುಗಳನ್ನು ತೆಗೆಸಿ ಹಡಗುಗಳಲ್ಲಿ ಸಾಗಿಸುತ್ತಿದ್ದರು. ಇದನ್ನು ತಡೆಯಲೆಂದು ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ 1835ರಲ್ಲಿ ರಫ್ತನ್ನು ನಿಷೇಧಿಸಿ, ಕೈರೋದಲ್ಲಿಯೇ ಒಂದು ಸಂಗ್ರಹವನ್ನು ಏರ್ಪಡಿಸಿದನು. ಆದರೆ ಆಳುವವರೇ ಆ ವಸ್ತುಗಳನ್ನು ವಿದೇಶೀಯರಿಗೆ ಉಡುಗೊರೆಯಾಗಿ ಕೊಡತೊಡಗಿದ್ದರಿಂದ ಸಂಗ್ರಹ ಕರಗುತ್ತ ಬಂದು, ಉಳಿದದ್ದೂ 1855ರಲ್ಲಿ ಆಸ್ಟ್ರಿಯದ ರಾಜಕುಮಾರ ಮ್ಯಾಕ್ಸಿಮಿಲಿಯನ್‌ನ ಪಾಲಾಯಿತು.

1858ರಲ್ಲಿ ಪ್ರಾಕ್ತನ ವಸ್ತುಗಳ ಇಲಾಖೆಯ ಹೊಣೆ ಹೊತ್ತ ಫ್ರೆಂಚ್ ವಿದ್ವಾಂಸ ಓಗುಸ್ತ್ ಮರಿಯೆತ್, ನೈಲ್ ನದಿಯ ದಡದ ಬೂಲಾಕ್‌ನಲ್ಲಿ ಸ್ಥಾಪಿಸಿದ ಸಂಗ್ರಹಾಲಯ 1863ರಲ್ಲಿ ಜನರಿಗೆ ತೆರೆಯಿತು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಪ್ರಾಚೀನ ಈಜಿಪ್ಟಿನ ರಾಣಿ ಅಹ್‌ಹೋತೆಪಳ ಚಿನ್ನದ ಒಡವೆಗಳನ್ನು ಕಂಡ ಫ್ರಾನ್ಸಿನ ಸಾಮ್ರಾಜ್ಞಿ ಯುಜೆನಿ ಅವುಗಳನ್ನು ಬಯಸಿದಾಗ, ಆಗ ಈಜಿಪ್ಟನ್ನು ಆಳುತ್ತಿದ್ದ ಇಸ್ಮಾಯಿಲ್ ತೀರ್ಮಾನವನ್ನು ಮರಿಯೆತ್‌ನಿಗೇ ಬಿಟ್ಟನು. ಮರಿಯೆತ್ ತನ್ನ ಸ್ವಂತ ದೇಶದ ಸಾಮ್ರಾಜ್ಞಿಯ ಕೋರಿಕೆಯನ್ನೂ ನಿರಾಕರಿಸಿದ್ದರಿಂದ ಒಡವೆಗಳು ಬೂಲಾಕ್‌ಗೆ ಮರಳಿದವು. ಸಂಗ್ರಹಾಲಯದ ಸೊತ್ತು ಅರಸನ ಖಾಸಗಿ ಭಂಡಾರವಲ್ಲವೆಂಬ ನಿಲುವಿಗೆ ಈ ನಿರಾಕರಣೆ ಬಲ ತಂದಿತು. 1878ರ ನೈಲ್ ಪ್ರವಾಹ ಬೂಲಾಕ್ ಕಟ್ಟಡಕ್ಕೆ ನುಗ್ಗಿ ಹಾನಿ ಮಾಡಿತು. ಮುಂದೆ ಸಂಗ್ರಹವು ಗೀಜಾದ ಅರಮನೆಗೆ ಸ್ಥಳಾಂತರಗೊಂಡು, ಕೊನೆಗೆ ತಹ್ರೀರ್ ಕಟ್ಟಡವನ್ನು ಸೇರಿತು.

ವಸ್ತುಗಳು ಉಳಿದರೂ ಅವುಗಳ ಮೇಲಿನ ಅಧಿಕಾರ ಮಾತ್ರ ಬಹುಕಾಲ ಈಜಿಪ್ಟಿನವರಿಗೆ ದಕ್ಕಲಿಲ್ಲ. ಚಿತ್ರಲಿಪಿಯನ್ನು ಓದಬಲ್ಲ ಅಹಮದ್ ಕಮಾಲ್‌ನಂಥ ದೇಶೀಯ ವಿದ್ವಾಂಸ ಸಂಗ್ರಹಾಲಯದಲ್ಲಿ ದುಡಿದರೂ, ಇಲಾಖೆಯ ಮುಖ್ಯಸ್ಥಾನ 1952ರ ಕ್ರಾಂತಿಯವರೆಗೆ ಫ್ರೆಂಚರಲ್ಲಿಯೇ ಉಳಿಯಿತು. ಈ ನಡುವೆ, 1922ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಹೊವಾರ್ಡ್ ಕಾರ್ಟರ್ ಪತ್ತೆಹಚ್ಚಿದ ತುತಂಖಾಮುನ್ ಅರಸನ ಸಮಾಧಿಯ 5000ಕ್ಕೂ ಹೆಚ್ಚು ವಸ್ತುಗಳನ್ನು, ಉತ್ಖನನ ನಡೆಸಿದವರಿಗೆ ಪಾಲು ಕೊಡುವ ಹಳೆಯ ಪದ್ಧತಿಯಂತೆ ಹಂಚಲು ಒಪ್ಪದೆ, ಈಜಿಪ್ಟ್ ಸರ್ಕಾರ ತನ್ನಲ್ಲಿಯೇ ಇರಿಸಿಕೊಂಡಿತು. ಗೀಜಾದಲ್ಲಿ 2025ರ ನವೆಂಬರಿನಲ್ಲಿ ಪೂರ್ಣವಾಗಿ ತೆರೆದ ಬೃಹತ್ ಸಂಗ್ರಹಾಲಯದಲ್ಲಿ ಆ ನಿಧಿಯನ್ನು ಇಂದು ಒಂದೆಡೆ ಕಾಣಬಹುದು. 1835ರ ಆಜ್ಞೆಯೊಂದರಿಂದಲೇ ಇದು ಸಾಧ್ಯವಾಗುತ್ತಿರಲಿಲ್ಲ. ಕಾನೂನಿನ ಜೊತೆಗೆ ಸುಭದ್ರ ಕಟ್ಟಡ, ಬಲಿಷ್ಠರಿಗೂ ಇಲ್ಲವೆನ್ನಬಲ್ಲ ಅಧಿಕಾರಿ, ತನ್ನ ಪರಂಪರೆಯನ್ನು ತಾನೇ ಓದಬಲ್ಲ ವಿದ್ವತ್ತು, ಇವೆಲ್ಲವೂ ಕೂಡಿದಾಗಲೇ ಒಂದು ನಾಡಿನ ಗತಕಾಲ ಆ ನಾಡಿನ ಜನರದಾಗುತ್ತದೆ.